ಐದನೆಯವನ ಹೆಸರು ಬರೆದುಕೊಳ್ಳಿ

ಆದೋನಿ ಕಡೆಯ ಅಧ್ಯಾಪಕನೊಬ್ಬ ಕಾಸರಗೋಡಿನ ಪತ್ರಿಕೆಗೆ ಮೊಬೈಲ್ ಆಟದ ವಿಷಯವಾಗಿ ಬರೆಯುತ್ತಾನೆಂದರೆ ವಾಚಕರಲ್ಲಿ ಕೆಲವರಿಗೆ ಸೋಜಿಗವಾದೀತು. ಗಡಿನಾಡ ಕನ್ನಡಿಗರಿಗೆ ಮಾತನಾಡಲು ಬೇರೆ ಸಂಕಟಗಳೇ ಸಾಲದೆ? ಸಾಲದು ಎಂದಲ್ಲ. ಆದರೆ ಈ ಸಂಕಟವೂ ನಮ್ಮ ಮನೆಗಳೊಳಗೇ ಇದೆ, ರಾತ್ರಿ ಹನ್ನೊಂದರ ಮೇಲೆ ಕಂಬಳಿಯ ಕೆಳಗೆ ಮಿನುಗುತ್ತಿದೆ, ಮತ್ತು ಅದರ ಒಂದು ಬೇರು ಭಾಷೆಯಲ್ಲಿಯೇ ಇದೆ ಎಂಬುದನ್ನು ಹೇಳದೆ ಇರಲಾರೆ.

ಆದೋನಿಯನ್ನು ಹಳಬರು ಇಂದಿಗೂ ಆದವಾನಿ ಎನ್ನುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯವಾಗಿದ್ದವು. ಅಂದು ಆಂಧ್ರಕ್ಕೆ ಸೇರಿದವು. ನಿಮಗೆ 1956ರ ನವೆಂಬರ್ 1ರಂದು ಆದದ್ದು ನಮಗೆ ಮೂರು ವರ್ಷ ಮೊದಲೇ ಆಗಿತ್ತು. ಹೊಳಗುಂದ, ಹಾಲಹರ್ವಿ, ಕೌತಾಳ, ಆಲೂರು ಸುತ್ತಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಮಾತು ತೆಲುಗು. ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಉಸಿರಾಡುತ್ತಿವೆ. ಬಳ್ಳಾರಿಯಲ್ಲಿ ಟಿ.ಸಿ.ಎಚ್. ಮುಗಿಸಿ ಬಂದ ನಾನು ಅಂತಹ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ದೈಹಿಕ ಶಿಕ್ಷಕರು ಇಲ್ಲದ ವರ್ಷಗಳಲ್ಲಿ ಸೀಟಿಯನ್ನೂ ನಾನೇ ಊದಿದ್ದೇನೆ.

ನಮ್ಮ ಸೀಮೆಯಲ್ಲಿ ಹತ್ತಿ, ಶೇಂಗಾ ಬಿಟ್ಟರೆ ಹೆಚ್ಚು ಹೇಳಿಕೊಳ್ಳುವಂಥದ್ದಿಲ್ಲ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಬೇರೆಡೆ ಹತ್ತಿ ಬಿಡಿಸಲು. ದೊಡ್ಡ ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಹೋಗುತ್ತಾರೆ. ಮಗನ ದನಿ ಕೇಳಲೆಂದು ಒಂದು ಫೋನನ್ನೂ ಕೊಡಿಸಿ ಹೋಗುತ್ತಾರೆ. ಫೋನ್ ಬಂದ ಮೇಲೆ ಆಟ ಬರುವುದು ತಡವೇ?

ಕಳೆದ ವರ್ಷ ಹತ್ತನೆಯ ತರಗತಿಯ ಹುಡುಗನೊಬ್ಬ ಮೊದಲ ಪೀರಿಯಡಿನಲ್ಲೇ ತೂಕಡಿಸತೊಡಗಿದ. ಮೊದಲು ಗದರಿದೆ, ಆಮೇಲೆ ಮೈ ಮುಟ್ಟಿ ನೋಡಿದೆ, ಕೊನೆಗೆ ಅಜ್ಜಿಯ ಮನೆಗೆ ಹೋದೆ. ಅವನು ನಾಲ್ವರ ಗುಂಪು ಕಟ್ಟಿ ಆಡುವ ಗುಂಡಿನ ಆಟವೊಂದರ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದ. ಪ್ರವೇಶ ಶುಲ್ಕವನ್ನು ನಾಲ್ವರೂ ಹಂಚಿಕೊಂಡಿದ್ದರು. ಹದಿನೆಂಟು ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕಂತೆ. ಅಪ್ಪ ಗುಂಟೂರಿನ ಮೆಣಸಿನ ಹೊಲದಿಂದಲೇ ಫೋನಿಗೆ ಬಂದ ಓಟಿಪಿಯನ್ನು ಓದಿ ಹೇಳಿದ್ದ. ಒಪ್ಪಿಗೆ ಎಂದರೆ ಅಷ್ಟೇ. ಪಂದ್ಯ ರಾತ್ರಿ ಹೊತ್ತು, ವಾರಗಟ್ಟಲೆ.

"ಒಂದು ದಿನ ಬಿಡಬಾರದೇನೋ?" ಎಂದೆ.

"ಬಿಡಾಕ ಬರಂಗಿಲ್ಲ ಸಾರ್. ನಾಕೇ ಮಂದಿ ಅದೀವಿ. ನಾ ಕುಂತ್ರೆ ಟೀಮೇ ಹೋಗ್ತದ. ರೊಕ್ಕ ಕೊಟ್ಟಾರ ಅವರೂ" ಎಂದ.

ಅವನ ಕಣ್ಣು ಕೆಂಪಾಗಿತ್ತು, ಉಗುರು ಕಚ್ಚಿ ಬೆರಳ ತುದಿ ಹಣ್ಣಾಗಿತ್ತು. ನನಗನ್ನಿಸಿದ್ದನ್ನು ಹೇಳುತ್ತೇನೆ: ಅವನನ್ನು ಹಿಡಿದಿದ್ದದ್ದು ಆಟದ ಹುಚ್ಚಲ್ಲ. ಆಟದ ಮೇಲಿನ ಆಸೆ ಅವನಿಗೆ ಎಂದೋ ಬತ್ತಿಹೋಗಿತ್ತು. ಅವನನ್ನು ಕಟ್ಟಿಹಾಕಿದ್ದು ಐದನೆಯವನೊಬ್ಬ ಇಲ್ಲದ್ದು.

ಈ ಮಾತು ನನ್ನನ್ನು ಚುಚ್ಚಿದ್ದಕ್ಕೆ ಹಳೆಯ ಕಾರಣವೊಂದಿದೆ. ಬಹಳ ವರ್ಷಗಳ ಹಿಂದೆ ಮಂಡಲ ಮಟ್ಟದ ಕಬಡ್ಡಿಗೆ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಕಬಡ್ಡಿಯ ತಂಡದಲ್ಲಿ ಹನ್ನೆರಡು ಮಂದಿ ಇರಬಹುದು, ಅಂಕಣದಲ್ಲಿ ಏಳು ಮಂದಿ, ಬದಲಿಗೆ ಐವರು. ಟೆಂಪೋ ಬಾಡಿಗೆಗೆ ಸಾಲದೆ ನಾನು ಏಳೇ ಜನರನ್ನು ಹತ್ತಿಸಿಕೊಂಡಿದ್ದೆ. ಅವರಲ್ಲೊಬ್ಬನ ತಂದೆಯನ್ನು ಹಿಂದಿನ ದಿನ ಕರ್ನೂಲಿನ ಆಸ್ಪತ್ರೆಗೆ ಸೇರಿಸಿದ್ದರು. "ಮನಸ್ಸಿಲ್ಲ ಸಾರ್" ಎಂದ ಹುಡುಗನಿಗೆ ನಾನು ಏನೆಂದೆ ಗೊತ್ತೆ? "ಮನಸ್ಸು ಆಡುತ್ತದೇನೋ, ಕಾಲು ನೆಟ್ಟಗಿವೆಯಲ್ಲ!" ಎಂದೆ. ಅವನು ದಾಳಿಗೆ ಹೋದ. ಎದುರಾಳಿಯ ಅಂಕಣದ ನಟ್ಟನಡುವೆ ನಿಂತ. ಬಾಯಿಂದ ಕಬಡ್ಡಿ ಎಂಬ ಶಬ್ದ ಹೊರಡಲಿಲ್ಲ. ಅವನನ್ನು ಯಾರೂ ಹಿಡಿಯಲೂ ಇಲ್ಲ. ಸುಮ್ಮನೆ ನಿಂತೇ ಇದ್ದ. ತೀರ್ಪುಗಾರರು ಸೀಟಿ ಊದಿ ಔಟ್ ಕೊಟ್ಟರು. ನಮ್ಮ ಹುಡುಗರು ಬೈದರು, ನಾನೂ ಬೈದೆ. ಆಮೇಲೆ ಅವನು ಕಬಡ್ಡಿ ಆಡಲಿಲ್ಲ; ವರ್ಷ ತುಂಬುವ ಮೊದಲು ಶಾಲೆಯನ್ನೂ ಬಿಟ್ಟ. ಎರಡಕ್ಕೂ ನಂಟಿದೆಯೋ ಇಲ್ಲವೋ ಹೇಳಲಾರೆ. ಇಲ್ಲವೆಂದು ಹೇಳುವ ಧೈರ್ಯವಂತೂ ನನಗಿಲ್ಲ.

ದೊಡ್ಡ ಆಟಗಳ ಲೋಕವೂ ಈ ವಿಷಯದಲ್ಲಿ ನನಗಿಂತ ಬಹಳ ಜಾಣತನ ತೋರಿಸಿಲ್ಲ. ವಿಶ್ವಕಪ್ ಫುಟ್‌ಬಾಲಿನಲ್ಲಿ ಆಟದ ನಡುವೆ ಬದಲಿ ಆಟಗಾರನಿಗೆ ಅವಕಾಶ ಸಿಕ್ಕಿದ್ದು 1970ರಲ್ಲಿ. ಅಲ್ಲಿಯವರೆಗೆ ಕಾಲು ಮುರಿದವನೂ ಅಂಕಣದಲ್ಲಿ ಕುಂಟುತ್ತಿರಬೇಕಾಗಿತ್ತು. ಕ್ರಿಕೆಟಿನಲ್ಲಿ ಬದಲಿಯಾಗಿ ಬಂದವನು ಚೆಂಡು ಹಿಡಿಯಬಹುದಿತ್ತೇ ಹೊರತು ಬ್ಯಾಟು ಹಿಡಿಯುವಂತಿರಲಿಲ್ಲ. ತಲೆಗೆ ಪೆಟ್ಟು ಬಿದ್ದವನ ಜಾಗದಲ್ಲಿ ಪೂರ್ಣ ಆಟಗಾರನೇ ಇಳಿಯಬಹುದೆಂಬ ನಿಯಮ ಬಂದದ್ದು 2019ರಲ್ಲಿ. ಅದೇ ಆಗಸ್ಟಿನಲ್ಲಿ ಲಾರ್ಡ್ಸ್ ಅಂಕಣದಲ್ಲಿ ಸ್ಟೀವ್ ಸ್ಮಿತ್ ಬದಲು ಲಬುಶೇನ್ ಆಡಿದರು. ತಲೆಯ ಹೊರಗಿನ ಪೆಟ್ಟಿಗೆ ಬದಲಿ ಸಿಕ್ಕಿತು. ತಲೆಯ ಒಳಗಿನದಕ್ಕೆ?

ಅದಕ್ಕೂ ಉತ್ತರ ಹುಡುಕಿದವರುಂಟು. 2019ರ ಅಕ್ಟೋಬರ್ ಕೊನೆಯಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ ಮನಸ್ಸು ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಿ ತಂಡದಿಂದ ಹಿಂದೆ ಸರಿದರು. ಆಸ್ಟ್ರೇಲಿಯದ ಮಂಡಳಿ ಬದಲಿಯನ್ನು ಕರೆಸಿಕೊಂಡು ಅವರಿಗೆ ಬಿಡುವು ಕೊಟ್ಟಿತು. ಅದೇ ಮ್ಯಾಕ್ಸ್‌ವೆಲ್ 2021ರಿಂದ ಬೆಂಗಳೂರಿನ ತಂಡಕ್ಕೆ ಆಡಿದ್ದನ್ನು ನಮ್ಮ ಹುಡುಗರೆಲ್ಲ ಬಲ್ಲರು. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ, ತಾವು ಆಡುತ್ತಿದ್ದ ಕಾಲದಲ್ಲೇ ಖಿನ್ನತೆಗೆ ಸಿಕ್ಕಿ ಬದುಕೇ ಬೇಡವೆನ್ನುವಲ್ಲಿಗೆ ಮುಟ್ಟಿದ್ದುಂಟೆಂದು 2020ರಲ್ಲಿ ಹೇಳಿಕೊಂಡರು. ಹೇಳಿಕೊಳ್ಳಲು ಸುಮಾರು ಹತ್ತು ವರ್ಷ ಬೇಕಾಯಿತು!

ಇನ್ನು ಈ ಇ-ಕ್ರೀಡೆ. ಇದನ್ನು ಕ್ರೀಡೆ ಎನ್ನಲು ನನ್ನ ನಾಲಗೆ ಇನ್ನೂ ಸ್ವಲ್ಪ ತಡವರಿಸುತ್ತದೆ. ಬೆವರು ಬಾರದ ಆಟ ಎಂಥ ಆಟ ಎಂಬ ಹಳ್ಳಿ ಮೇಷ್ಟರ ಹಟ. ಆದರೆ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ 2023ರಲ್ಲಿ ಇದಕ್ಕೆ ಪದಕ ಕೊಟ್ಟರು, ನಮ್ಮ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲೇ ಇದನ್ನು ಬಹುಕ್ರೀಡಾಕೂಟಗಳ ಭಾಗವೆಂದು ಒಪ್ಪಿತು. ನಾನು ಒಪ್ಪದಿದ್ದರೆ ಯಾರಿಗೇನು? ಒಪ್ಪಿದ ಮೇಲೆ ಕ್ರೀಡೆಗೆ ಇರುವ ಕಟ್ಟುಪಾಡು ಇದಕ್ಕೂ ಬೇಡವೇ ಎಂಬುದೇ ನನ್ನ ಪ್ರಶ್ನೆ.

ಕೈಕಾಲಿಗೆ ಪೆಟ್ಟಾಗದ ಆಟವೆಂದು ಇದನ್ನು ಹಗುರವಾಗಿ ಕಾಣಬಾರದು. ಚೀನಾದ ಉಜಿ ಎಂಬ ಹೆಸರಾಂತ ಆಟಗಾರ 2020ರ ಜೂನಿನಲ್ಲಿ ಕೇವಲ 23ನೆಯ ವಯಸ್ಸಿಗೆ ನಿವೃತ್ತನಾದ. ಸಕ್ಕರೆ ಕಾಯಿಲೆ, ತೋಳಿನ ನೋವು. ಡೆನ್ಮಾರ್ಕಿನ ಆಸ್ಟ್ರಾಲಿಸ್ ತಂಡ ಕೌಂಟರ್-ಸ್ಟ್ರೈಕ್ ಆಟದಲ್ಲಿ 2018, 2019ರ ನಡುವೆ ಸಾಲಾಗಿ ಮೂರು ಮಹಾಪಂದ್ಯಾವಳಿ ಗೆದ್ದಿತ್ತು. ಆ ತಂಡದ ನಾಯಕನೂ ಇನ್ನೊಬ್ಬನೂ 2020ರ ಬೇಸಿಗೆಯ ಹೊತ್ತಿಗೆ ಮಾನಸಿಕ ಒತ್ತಡದಿಂದ ಬಸವಳಿದು ರಜೆ ಹಾಕಿದರು. ಅದು ಐವರ ಆಟ. ಆದರೆ ತಂಡದವರು ಐವರಿಗಿಂತ ಹೆಚ್ಚು ಆಟಗಾರರನ್ನು ಸಂಬಳ ಕೊಟ್ಟು ಇಟ್ಟುಕೊಂಡರು. ಆ ವರ್ಷ ಮುಗಿಯುವುದರೊಳಗೆ ಇಬ್ಬರೂ ಮರಳಿ ಬಂದರು. 2023ರ ಬೇಸಿಗೆಯಲ್ಲಿ ಕೊರಿಯದ ಫೇಕರ್ ಕೈನೋವಿನಿಂದ ಕೆಲವು ವಾರ ಕುಳಿತಾಗ, ಅವನ ತಂಡ ತರಬೇತಿಯಲ್ಲಿದ್ದ ಎಳೆಯನೊಬ್ಬನನ್ನು ಇಳಿಸಿತು. ಎಂಟು ಪಂದ್ಯಗಳಲ್ಲಿ ಏಳು ಸೋತರು. ಸೋತರೂ ಅವನಿಗೆ ವಿಶ್ರಾಂತಿ ತಪ್ಪಿಸಲಿಲ್ಲ. ಅದೇ ನವೆಂಬರಿನಲ್ಲಿ ಸಿಯೋಲ್ ನಗರದಲ್ಲಿ ಅದೇ ತಂಡ ವಿಶ್ವಪಟ್ಟ ಗೆದ್ದಿತು.

ದುಡ್ಡಿದ್ದ ತಂಡಗಳ ಮಾತಾಯಿತು ಇದು. ಈ ಆಟಗಳಲ್ಲಿ ಪಂದ್ಯ ಶುರುವಾದ ಮೇಲೆ ಎದ್ದು ಇನ್ನೊಬ್ಬನನ್ನು ಕೂರಿಸುವಂತಿಲ್ಲ. ಸಾಮಾನ್ಯವಾಗಿ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಮಾತ್ರ ಬದಲಿ ಸಾಧ್ಯ. ಅದೂ ಮೊದಲೇ ಪಟ್ಟಿಯಲ್ಲಿ ಹೆಸರಿದ್ದವನು. ಪಟ್ಟಿಗೆ ಒಮ್ಮೆ ಬೀಗ ಬಿತ್ತೆಂದರೆ ಹೊಸ ಹೆಸರು ಸೇರಿಸಲು ಪಂದ್ಯಾವಳಿಯವರ ಅನುಮತಿ ಬೇಕು. ಜ್ವರ ಬಂದವನು ವೈದ್ಯರ ಚೀಟಿ ತಂದಾನು. ಎದೆ ಡವಗುಟ್ಟಿ ನಿದ್ದೆಯಿಲ್ಲದವನು, ಹದಿನೈದು ವರ್ಷದವನು, ಅಪ್ಪ ಗುಂಟೂರಿನಲ್ಲಿರುವವನು, ಯಾವ ವೈದ್ಯರಿಂದ ಯಾವ ಚೀಟಿ ತಂದಾನು?

ಆದುದರಿಂದ ನಾನು ಕೇಳುವುದು ದೊಡ್ಡದೇನಲ್ಲ. ನಾಲ್ವರ ಆಟವಾದರೆ ಐದು ಹೆಸರಿಲ್ಲದ ತಂಡವನ್ನು ನೋಂದಾಯಿಸಿಕೊಳ್ಳಲೇ ಬಾರದು. "ಇಂದು ನನ್ನಿಂದಾಗದು" ಎಂದವನನ್ನು ಕಾರಣ ಕೇಳದೆ, ಚೀಟಿ ಕೇಳದೆ, ಅಂಕ ಕಡಿಯದೆ ಎಬ್ಬಿಸಿ ಐದನೆಯವನನ್ನು ಕೂರಿಸಬೇಕು.

ಇದನ್ನು ದುರುಪಯೋಗ ಮಾಡುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಮತ್ತು ಅದು ಪೊಳ್ಳು ಆಕ್ಷೇಪವಲ್ಲ. 2025ರ ಜನವರಿ 31ರಂದು ಪುಣೆಯಲ್ಲಿ ತಲೆಗೆ ಪೆಟ್ಟುಬಿದ್ದ ಶಿವಂ ದುಬೆ ಬದಲಿಗೆ ನಮ್ಮವರು ಹರ್ಷಿತ್ ರಾಣಾನನ್ನು ಇಳಿಸಿದರು. ದುಬೆ ಬ್ಯಾಟಿಂಗಿನವರು, ರಾಣಾ ಅಪ್ಪಟ ವೇಗದ ಬೌಲರ್. ಬಂದವರೇ ಮೂರು ವಿಕೆಟ್ ಕಿತ್ತರು. ಇದೆಂಥ ಸಮಾನ ಬದಲಿ ಎಂದು ಇಂಗ್ಲೆಂಡಿನ ನಾಯಕ ಬಟ್ಲರ್ ಗೊಣಗಿದ್ದರಲ್ಲಿ ತಪ್ಪೇನಿತ್ತು? ನಮ್ಮ ತಂಡವೆಂದು ನಾವು ಚಪ್ಪಾಳೆ ತಟ್ಟಿದೆವು, ಅಷ್ಟೆ. ಕೌಂಟರ್-ಸ್ಟ್ರೈಕಿನಲ್ಲೂ ಹೆಚ್ಚುವರಿ ಆಟಗಾರನನ್ನು ವಿಶ್ರಾಂತಿಗಾಗಿ ಇಟ್ಟುಕೊಂಡು, ಆಮೇಲೆ ತಂತ್ರಕ್ಕಾಗಿ ಬಳಸಿದ ತಂಡಗಳಿವೆ. ಇದಕ್ಕೆ ಮದ್ದು ಸುಲಭ: ಎದ್ದವನು ಆ ದಿನ ಮತ್ತೆ ಕೂರಬಾರದು. ತಮ್ಮ ಒಳ್ಳೆಯ ಆಟಗಾರನನ್ನು ಇಡೀ ದಿನ ಕಳೆದುಕೊಳ್ಳಲು ಯಾವ ತಂಡವೂ ಸುಳ್ಳು ಹೇಳುವುದಿಲ್ಲ. ಹಾಗೂ ಒಂದಿಬ್ಬರು ಹೇಳಿದರೆಂದೇ ಇಟ್ಟುಕೊಳ್ಳಿ. ಸುಳ್ಳು ಹೇಳಿದ ಒಬ್ಬನಿಗೆ ಬಿಡುವು ಸಿಕ್ಕಿದ್ದು ಹೆಚ್ಚಿನ ಅನ್ಯಾಯವೋ, ನಿಜ ಹೇಳಿದವನಿಗೆ ಸಿಗದಿದ್ದದ್ದು ಹೆಚ್ಚಿನ ಅನ್ಯಾಯವೋ?

ಫೋನನ್ನೇ ಕಸಿದುಕೊಂಡರಾಯಿತು ಎನ್ನುವ ಹಿರಿಯರೂ ಇದ್ದಾರೆ. ಹಣ ಕಟ್ಟಿ ಆಡುವ ಜೂಜಿನ ವಿಷಯದಲ್ಲಿ ನಾನೂ ಅವರ ಪಕ್ಷವೇ; 2020ರಲ್ಲಿ ನಮ್ಮ ಆಂಧ್ರ ಸರಕಾರ ಅದನ್ನು ನಿಷೇಧಿಸಿದಾಗ ಸಂತೋಷಪಟ್ಟವನು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆಟಗಳನ್ನು ಒಂದು ಕಡೆಗೂ ಇ-ಕ್ರೀಡೆಯನ್ನು ಇನ್ನೊಂದು ಕಡೆಗೂ ಇಟ್ಟಿದೆ. ಪ್ರವೇಶ ಶುಲ್ಕ, ಬಹುಮಾನ ಇದ್ದರೂ ಬಾಜಿ ಇರಬಾರದೆಂಬುದು ಅದರ ಸಾರ. ಎಂದಮೇಲೆ ಈ ಆಟ ಇನ್ನು ಮುಂದೆಯೂ ಇರುತ್ತದೆ. ಬಿ.ಜಿ.ಎಂ.ಐ. ಎಂಬ ಆಟ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇಟ್ಟರು. ಒಳ್ಳೆಯದೇ. ಆದರೆ ಚಿಕ್ಕಪ್ಪನ ಹೆಸರಿನಲ್ಲಿ ಖಾತೆ ತೆರೆದವನಿಗೆ ಯಾವ ಮಿತಿ? ಕಸಿದುಕೊಂಡ ಫೋನಿನ ಜಾಗದಲ್ಲಿ ಗೆಳೆಯನ ಫೋನು ಬರುತ್ತದೆ, ಮನೆಯಲ್ಲಿ ಹೇಳುವ ಮಾತು ಮಾತ್ರ ನಿಲ್ಲುತ್ತದೆ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಆ ಹುಡುಗನ ಪಂದ್ಯಾವಳಿಯ ನಿಯಮಗಳನ್ನು ನಾನು ಓದಲು ಕೇಳಿದೆ. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ಆಟದ ವೀಕ್ಷಕ ವಿವರಣೆ ಹಿಂದಿಯಲ್ಲಿ. ಹುಡುಗ ಓದಿರಲಿಲ್ಲ, ಓಟಿಪಿ ಹೇಳಿದ ಅಪ್ಪ ಕಂಡೇ ಇರಲಿಲ್ಲ. ನಿಘಂಟು ಹಿಡಿದು ಕುಳಿತು ಓದಿದಾಗ ಒಂಬತ್ತನೆಯ ಪುಟದಲ್ಲಿ ಏನಿತ್ತು ಗೊತ್ತೆ? ಐದನೆಯ ಹೆಸರು ಕೊಡಲು ಅವಕಾಶವಿತ್ತು! ಕಡ್ಡಾಯವಿರಲಿಲ್ಲ, ಆದರೆ ಅವಕಾಶವಿತ್ತು. ಪಟ್ಟಿಗೆ ಬೀಗ ಬಿದ್ದು ಎರಡು ವಾರವಾಗಿತ್ತು.

ಇದು ಕಾಸರಗೋಡಿನ ತಂದೆತಾಯಿಗಳಿಗೆ ಹೊಸ ಕಥೆಯೇ? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ನೀವು ಬೀದಿಗೆ ಇಳಿದದ್ದನ್ನು ಇಲ್ಲಿ ಕುಳಿತು ಓದಿದ್ದೇವೆ. ಪಾಠಕ್ಕೇ ಹಾಗಾದರೆ ಮನಸ್ಸಿನ ಮಾತಿಗೆ ಇನ್ನು ಹೇಗೆ? ಆ ಹುಡುಗನನ್ನು ಪಟ್ಟಣದ ಆಪ್ತಸಲಹೆಗಾರರೊಬ್ಬರ ಬಳಿ ಕರೆದೊಯ್ದೆ. ಒಳ್ಳೆಯ ಮನುಷ್ಯರು, ತೆಲುಗಿನಲ್ಲಿ ವಿಚಾರಿಸಿದರು. ಹುಡುಗನಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಆದರೆ ಹತ್ತು ನಿಮಿಷ "ಬಾಗುಂದಿ ಸಾರ್" ಎಂಬುದರ ಆಚೆ ಒಂದು ಅಕ್ಷರ ಹೊರಬರಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ "ಜೀವ ಹಿಂಡ್ತದ ಸಾರ್, ಯಾಕಂತ ಗೊತ್ತಾಗಂಗಿಲ್ಲ" ಎಂದ. ಜೀವ ಹಿಂಡುವುದನ್ನು ಅವನು ಯಾವ ಪರಭಾಷೆಯಲ್ಲಿ ಹೇಳಬೇಕಿತ್ತು?

ಅಂದೇ ಸಂಜೆ ಟೆಲಿ-ಮಾನಸ್ ಸಂಖ್ಯೆಗೆ ಕರೆ ಮಾಡಿಸಿದೆ. 14416. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ದುಡ್ಡು ಬೀಳುವುದಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಫೋನು, ಆಟಗಳ ಅತಿಬಳಕೆಗೆಂದೇ 2014ರಿಂದ ಒಂದು ಚಿಕಿತ್ಸಾಲಯವಿದೆ. ಆಟವಾಡುವ ಹುಡುಗರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ವ್ಯಸನವನ್ನು 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿದಾಗಲೂ, ಆಟ ಬದುಕಿನ ಬೇರೆಲ್ಲವನ್ನೂ ನುಂಗಿ ಬಹುಕಾಲ ಮುಂದುವರಿದರೆ ಮಾತ್ರ ಎಂದಿತು. ಈ ಹುಡುಗನಿಗೆ ಬೇಕಾದದ್ದು ಚಿಕಿತ್ಸೆಗಿಂತ ಹೆಚ್ಚಾಗಿ ಬಿಡುವು, ಮತ್ತು ಗುಂಟೂರಿನಿಂದ ದಿನಕ್ಕೊಂದು ಕರೆ.

ಆ ಸಲದ ಪಂದ್ಯಾವಳಿಯಿಂದ ತಂಡ ಹೊರಬಿತ್ತು. ಉಳಿದ ಮೂವರು ಒಂದು ತಿಂಗಳು ಅವನೊಡನೆ ಮಾತು ಬಿಟ್ಟರು. ಶುಲ್ಕದ ಅವರ ಪಾಲನ್ನು ನಾನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಅದೂ ಒಂದು ಮರ್ಯಾದೆ. ಯುಗಾದಿಗೆ ಅಪ್ಪ ಅಮ್ಮ ಊರಿಗೆ ಬಂದಾಗ ಆ ಹನ್ನೊಂದು ಪುಟಗಳ ಮುಖ್ಯ ಭಾಗವನ್ನು ಕನ್ನಡದಲ್ಲಿ ಎರಡು ಹಾಳೆಗೆ ಇಳಿಸಿ ಅವರ ಕೈಗೆ ಕೊಟ್ಟೆ. ಅಪ್ಪನಿಗೆ ಓದು ಬಾರದು. ಮಗನೇ ಜೋರಾಗಿ ಓದಿ ಹೇಳಿದ. ನಾಲ್ಕು ಗಂಟೆ ಕಾಲ ಎಂದಿದ್ದಲ್ಲಿ ಅಪ್ಪ ತಡೆದು, "ರಾತ್ರಿ ಏಟೊತ್ತಿಗೆ ಮುಗೀತದ?" ಎಂದು ಕೇಳಿದ. ಮಗ ನೆಲ ನೋಡಿದ.

ಬೇಸಿಗೆಯಲ್ಲಿ ಅವರು ಮತ್ತೆ ಗುಂಪು ಕಟ್ಟಿದ್ದಾರೆ. ನೋಂದಣಿ ಕಾಗದವನ್ನು ನನಗೆ ತಂದು ತೋರಿಸಿದರು. ಐದು ಹೆಸರಿತ್ತು. ಐದನೆಯದು ಅವನದೇ, ಅವನೇ ಬರೆದುಕೊಂಡದ್ದು.