ವೇಗಕ್ಕೊಂದು ಅಂಗಳ

ಮಳೆಗಾಲ ಮುಗಿಯುತ್ತಿದ್ದಂತೆ ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಬೈಕುಗಳ ಭರಾಟೆ, ಗುಡ್ಡದ ನೆತ್ತಿಯ ಹುಲ್ಲುಗಾವಲುಗಳಲ್ಲಿ ಜೀಪುಗಳ ಅಬ್ಬರ ಆರಂಭವಾಗುತ್ತದೆ. ತಿರುವುಗಳಲ್ಲಿ ಎಳೆಯ ಜೀವಗಳು ಬಲಿಯಾಗುತ್ತವೆ. ಹುಲ್ಲುಗಾವಲಿನ ಮೇಲ್ಮಣ್ಣು ಚಕ್ರದ ಭಾರಕ್ಕೆ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಗಾಲಿಯ ಜಾಡುಗಳೇ ಮುಂದಿನ ಮಳೆಯಲ್ಲಿ ಕೊರಕಲುಗಳಾಗುತ್ತವೆ. ಇದಕ್ಕೆ ಪರಿಸರಾಸಕ್ತರ ಉತ್ತರ ಸಾಮಾನ್ಯವಾಗಿ ಒಂದೇ: ನಿಷೇಧ. ಅದು ಅಗತ್ಯ, ಆದರೆ ಅದೊಂದೇ ಸಾಲದು.

ಎರಡನೇ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯವೂ ಇಂಥದೇ ಸಮಸ್ಯೆಯನ್ನು ಎದುರಿಸಿತ್ತು. ಹಳೆಯ ಕಾರುಗಳನ್ನು ಮಾರ್ಪಡಿಸಿಕೊಂಡ ಯುವಕರು ಸಾರ್ವಜನಿಕ ರಸ್ತೆಗಳಲ್ಲೇ ಪಂದ್ಯಕ್ಕಿಳಿಯುತ್ತಿದ್ದರು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದ ಆವರಣದಲ್ಲಿ ಡ್ರ್ಯಾಗ್ ರೇಸ್‌ಗೆ ಅವಕಾಶ ದೊರೆಯಿತು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿ ಈ ಆಟವನ್ನು ಸುರಕ್ಷತಾ ನಿಯಮಗಳಿಗೆ ಒಳಪಡಿಸಿದರು. ಸಂಘದ ಮೊದಲ ಅಧಿಕೃತ ಸ್ಪರ್ಧೆ 1953ರಲ್ಲಿ ಪೊಮೋನಾದ ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗದಲ್ಲಿ, ಸ್ಥಳೀಯ ಪೊಲೀಸರ ಸಹಕಾರದಿಂದಲೇ ನಡೆಯಿತು. ಊರು ತನ್ನ ಹುಡುಗರನ್ನು ಅಪರಾಧಿಗಳೆಂದು ದೂರವಿಡಲಿಲ್ಲ. ಆಟಕ್ಕಾಗಿ ಹೊಸ ನೆಲವನ್ನೂ ಅಗೆಯಲಿಲ್ಲ.

ಡ್ರ್ಯಾಗ್ ರೇಸ್‌ನ ಸುಮಾರು 400 ಮೀಟರ್ ಓಟಕ್ಕೂ, ಅನಂತರ ವಾಹನ ನಿಲ್ಲುವುದಕ್ಕೂ ಬೇಕಾಗುವ ನೇರವಾದ ಸಮತಟ್ಟು ಹಾದಿ ಮಲೆನಾಡಿನಲ್ಲಿ ದುರ್ಲಭ. ಅದಕ್ಕಾಗಿ ಗುಡ್ಡ ಕಡಿಯುವುದು ಸಲ್ಲದು. ಆದರೆ ಕೊಯ್ಲಾದ ಗದ್ದೆಗಳಿವೆ. ವರ್ಷವರ್ಷವೂ ಕೆಸರು ಮಾಡಿದ ಗದ್ದೆಯ ಅಡಿಯಲ್ಲಿ ಗಟ್ಟಿಪದರ ಮೊದಲೇ ಇರುತ್ತದೆ. ಚಕ್ರಗಳಿಂದ ಬಿಗಿದ ಮೇಲ್ಮಣ್ಣನ್ನು ಉಳುಮೆ ಬಹುಮಟ್ಟಿಗೆ ಸಡಿಲಿಸುತ್ತದೆ. ಹುಲ್ಲುಗಾವಲಿಗೆ ಆ ಚಿಕಿತ್ಸೆಯಿಲ್ಲ. ಆದ್ದರಿಂದ ಒಣಗಿದ ಗದ್ದೆಯಲ್ಲಿ ಒಬ್ಬೊಬ್ಬರನ್ನೇ ಓಡಿಸಿ ಸಮಯ ಅಳೆಯುವ ಆಟೊಕ್ರಾಸ್ ಈ ನೆಲಕ್ಕೆ ಹೆಚ್ಚು ಒಗ್ಗುತ್ತದೆ.

ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗಸ್ಪರ್ಧೆ ನಡೆಸುವುದು ಶಿಕ್ಷಾರ್ಹ. ಖಾಸಗಿ ಗದ್ದೆಯಾದರೂ ಆಡಳಿತದ ಅನುಮತಿ, ಗ್ರಾಮಸಭೆಯ ಒಪ್ಪಿಗೆ, ನುರಿತವರ ಮೇಲ್ವಿಚಾರಣೆ ಇರಲೇಬೇಕು. ಚಾಲನಾ ಪರವಾನಗಿ, ಹೆಲ್ಮೆಟ್, ಸೈಲೆನ್ಸರ್ ಕಡ್ಡಾಯವಾಗಲಿ. ಆಂಬುಲೆನ್ಸ್ ಸ್ಥಳದಲ್ಲೇ ಇರಲಿ. ನೋಡುವವರಿಗೆ ಬೇಲಿಯ ರಕ್ಷಣೆ ಇರಲಿ. ಕಾಡಂಚಿನಿಂದಲೂ ಹಳ್ಳಗಳಿಂದಲೂ ದೂರವಾದ ಜಾಗವನ್ನೇ ಆರಿಸಬೇಕು. ಸೋರಿದ ಎಣ್ಣೆ ಮಣ್ಣಿಗಿಳಿಯಬಾರದು. ಕತ್ತಲಾಗುವ ಮೊದಲೇ ಆಟ ಮುಗಿಯಬೇಕು.

ಪೆಟ್ರೋಲು ಸುಡುವ ಆಟಕ್ಕೆ ಪರಿಸರ ಚಳವಳಿಯ ಬೆಂಬಲವೇ ಎಂಬ ಆಕ್ಷೇಪ ಸಹಜ. ಪೆಟ್ರೋಲು ಈಗಲೂ ಉರಿಯುತ್ತಿದೆ, ಜೊತೆಗೆ ಜೀವವೂ ಬೆಟ್ಟವೂ ಹೋಗುತ್ತಿವೆ. ಊರಿನ ಹಿರಿಯರ ಕಣ್ಣಳತೆಯಲ್ಲಿ, ವರ್ಷಕ್ಕೆ ಒಂದೆರಡು ದಿನ ನಡೆಯುವ ಸ್ಪರ್ಧೆ ಅದಕ್ಕಿಂತ ಮೇಲು. ಬೆಟ್ಟದ ದಾರಿಯನ್ನು ಮುಚ್ಚಬೇಕೆನ್ನುವವರು ಗದ್ದೆಯ ದಣಪೆಯನ್ನು ತೆರೆಯಲೂ ಸಿದ್ಧರಾಗಬೇಕು. ಹಾಗಾದಾಗ ಮಾತ್ರ ಹುಡುಗರು ನಿಷೇಧದ ಮಾತನ್ನು ಕಿವಿಗೊಟ್ಟು ಕೇಳಿಯಾರು.