ಆಸ್ಪತ್ರೆ ಮುಚ್ಚಿದ ಮೇಲೆ ಜಾಗ ಯಾರದು?

ಮುಚ್ಚಿಹೋದ ಆಸ್ಪತ್ರೆಯ ಜಾಗದಲ್ಲಿ ಮನೆಗಳು ಎದ್ದರೆ ತಪ್ಪೇನು? ನಗರಕ್ಕೆ ಮನೆಗಳೂ ಬೇಕು. ಕಟ್ಟಡ ಪಾಳುಬಿದ್ದರೆ ಯಾರಿಗೂ ಲಾಭವಿಲ್ಲ. ಈ ವಾದ ಸರಿಯೇ. ಆದರೆ ನ್ಯೂಯಾರ್ಕಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ಚರಿತ್ರೆ ನೋಡಿದರೆ, ಇದು ಕೇವಲ ಕಟ್ಟಡದ ಮರುಬಳಕೆಯ ವಿಚಾರವಲ್ಲ ಎಂಬುದು ಮನವರಿಕೆಯಾಗುತ್ತದೆ.

1849ರಲ್ಲಿ, ನಗರ ಕಾಲರಾದಿಂದ ತತ್ತರಿಸುತ್ತಿದ್ದಾಗ, ಸಿಸ್ಟರ್ಸ್ ಆಫ್ ಚಾರಿಟಿ ಪಂಥದ ಸನ್ಯಾಸಿನಿಯರು ಬಡವರಿಗಾಗಿ ಈ ಆಸ್ಪತ್ರೆ ತೆರೆದರು. 1912ರಲ್ಲಿ ಟೈಟಾನಿಕ್ ದುರಂತದಲ್ಲಿ ಬದುಕುಳಿದವರಿಗೆ ಇಲ್ಲಿ ಆರೈಕೆಯಾಯಿತು. 1984ರಲ್ಲಿ ಏಡ್ಸ್ ರೋಗಿಗಳಿಗೆಂದೇ ವಾರ್ಡು ಆರಂಭವಾಯಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದೇ ಮೊದಲನೆಯದು. ಅದು ಎಷ್ಟೋ ಆಸ್ಪತ್ರೆಗಳಲ್ಲಿ ಈ ರೋಗಿಗಳ ಊಟದ ತಟ್ಟೆಯನ್ನು ಕೋಣೆಯ ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದ ಕಾಲ. 2001ರ ಸೆಪ್ಟೆಂಬರ್ 11ರಂದು ವೈದ್ಯರು, ನರ್ಸುಗಳು ಸ್ಟ್ರೆಚರುಗಳನ್ನು ರಸ್ತೆಗೇ ತಂದು ಸಾಲಾಗಿ ನಿಲ್ಲಿಸಿಕೊಂಡು ಗಾಯಾಳುಗಳಿಗಾಗಿ ಕಾದರು. ಮುಂದಿನ ದಿನಗಳಲ್ಲಿ ಆಸ್ಪತ್ರೆಯ ಹೊರಗೋಡೆ ಕಾಣೆಯಾದವರ ಫೋಟೋಗಳಿಂದ ತುಂಬಿಹೋಯಿತು.

ಇಂಥ ಆಸ್ಪತ್ರೆ ಸುಮಾರು ನೂರು ಕೋಟಿ ಡಾಲರ್ ಸಾಲದಲ್ಲಿ ಮುಳುಗಿ 2010ರ ಏಪ್ರಿಲ್ 30ರಂದು ಬಾಗಿಲು ಹಾಕಿತು. ಮುಖ್ಯ ಕಟ್ಟಡಗಳು ರೂಡಿನ್ ಕುಟುಂಬದ ಸಂಸ್ಥೆಯ ಕೈಸೇರಿ, ಕೆಲವನ್ನು ಕೆಡವಿ ಕೆಲವನ್ನು ಉಳಿಸಿಕೊಂಡು, 'ಗ್ರೀನಿಚ್ ಲೇನ್' ಎಂಬ ಹೆಸರಿನಲ್ಲಿ ಸುಮಾರು 200 ಐಷಾರಾಮಿ ಮನೆಗಳಾದವು. ರಸ್ತೆಯಾಚೆಯ ಹಳೆಯ ಕಟ್ಟಡವೊಂದರಲ್ಲಿ 2014ರಲ್ಲಿ ತುರ್ತು ಚಿಕಿತ್ಸಾ ಕೇಂದ್ರ ತೆರೆಯಿತು. ಅಲ್ಲಿ ಹಗಲು ರಾತ್ರಿ ವೈದ್ಯರಿರುತ್ತಾರೆ; ಆದರೆ ದಾಖಲಾಗಿ ದಿನಗಟ್ಟಲೆ ಚಿಕಿತ್ಸೆ ಪಡೆಯಬೇಕಾದ ರೋಗಿಯನ್ನು ಆಂಬುಲೆನ್ಸಿನಲ್ಲಿ ಬೇರೆ ಆಸ್ಪತ್ರೆಗೆ ಸಾಗಿಸಬೇಕು. ಎದುರಿನ ತ್ರಿಕೋನ ಜಾಗ ಉದ್ಯಾನವಾಯಿತು, 2016ರಲ್ಲಿ ಅಲ್ಲಿ ಏಡ್ಸ್ ಸ್ಮಾರಕ ಉದ್ಘಾಟನೆಯಾಯಿತು. ಸತ್ತವರ ನೆನಪಿಗೆ ಜಾಗ ಸಿಕ್ಕಿತು. ಬದುಕಿರುವ ರೋಗಿಗಳ ಹಾಸಿಗೆಗಳಿಗೆ ಸಿಗಲಿಲ್ಲ.

ನಷ್ಟದಲ್ಲಿರುವ ಆಸ್ಪತ್ರೆಯನ್ನು ಎಷ್ಟು ದಿನ ನಡೆಸಲಾದೀತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ವಿಮೆಯಿಲ್ಲದವರನ್ನೂ ಬಡವರನ್ನೂ ಒಳಗೆ ಕರೆದುಕೊಂಡದ್ದು ಆ ನಷ್ಟಕ್ಕೆ ಒಂದು ಕಾರಣವಾಗಿತ್ತು. ಸೇವೆಯ ಹೊರೆಯನ್ನು ಆಸ್ಪತ್ರೆ ಹೊತ್ತಿತು. ಜಾಗದ ಬೆಲೆ ಮಾತ್ರ ಕೊಂಡವರ ಪಾಲಾಯಿತು. ಆ ಬೆಲೆ ತಾನಾಗಿ ಬಂದದ್ದೂ ಅಲ್ಲ. 2012ರಲ್ಲಿ ನಗರಸಭೆ ಭೂಬಳಕೆ ಬದಲಾವಣೆಗೆ ಒಪ್ಪಿಗೆ ಕೊಟ್ಟದ್ದರಿಂದಲೇ ಅಲ್ಲಿ ಈ ಯೋಜನೆ ಸಾಧ್ಯವಾಯಿತು. ಅನುಮತಿ ಕೊಡುವ ಅಧಿಕಾರ ಜನರದ್ದಾದರೆ, ಷರತ್ತು ಹಾಕುವ ಹಕ್ಕೂ ಜನರದ್ದೇ.

ಹಾಗೆಂದು ಆಸ್ಪತ್ರೆ ಮನೆಯಾಗುವುದೇ ಅನ್ಯಾಯ ಎಂದಲ್ಲ. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್‌ನಲ್ಲಿ ರೈಲ್ವೆ ಕಾರ್ಮಿಕರಿಗಾಗಿ ಹುಟ್ಟಿದ ಲಿಂಡಾ ವಿಸ್ಟಾ ಆಸ್ಪತ್ರೆ 1991ರಲ್ಲಿ ಮುಚ್ಚಿತು. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಅದರ ಕೋಣೆಗಳು ಸಿನಿಮಾ ಚಿತ್ರೀಕರಣಕ್ಕಷ್ಟೇ ಬಳಕೆಯಾಗುತ್ತಿದ್ದವು. ಈಗ ಅದು ಕಡಿಮೆ ಆದಾಯದ ಹಿರಿಯ ನಾಗರಿಕರ ವಸತಿ. ಅದೇ ಬಡಾವಣೆಯಲ್ಲಿ ಕೌಂಟಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಯೂ ಇದೆ. ಎರಡೂ ಕಡೆ ವಾರ್ಡುಗಳ ಜಾಗದಲ್ಲಿ ಮನೆಗಳೇ ಬಂದವು. ಒಂದು ಕಡೆ ಬಾಗಿಲು ತೆರೆದದ್ದು ಸಿರಿವಂತರಿಗೆ, ಇನ್ನೊಂದು ಕಡೆ ಬೇರೆಲ್ಲೂ ಬಾಡಿಗೆ ತೆರಲಾಗದ ವೃದ್ಧರಿಗೆ.

ಆದ್ದರಿಂದ ಯಾವ ನಗರವೇ ಆಗಲಿ, ಆಸ್ಪತ್ರೆಯ ಜಾಗದಲ್ಲಿ ಮನೆ ಕಟ್ಟಲು ಅನುಮತಿ ಕೊಡುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು: ಇಲ್ಲಿಗೆ ಬರುತ್ತಿದ್ದ ರೋಗಿ ನಾಳೆ ಎಲ್ಲಿ ದಾಖಲಾಗುತ್ತಾನೆ? ಈ ಮನೆಗಳಲ್ಲಿ ಆ ರೋಗಿಯಂಥವರಿಗೆ ಎಷ್ಟು ಪಾಲು? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಕಡತಕ್ಕೆ ಸಹಿ ಬೀಳಬಾರದು. ಸ್ಮಾರಕವನ್ನು ಆಮೇಲೂ ಕಟ್ಟಬಹುದು. ಒಮ್ಮೆ ಕೈತಪ್ಪಿದ ಜಾಗದಲ್ಲಿ ಮತ್ತೆ ಆಸ್ಪತ್ರೆ ಕಟ್ಟಲಾಗದು.