ತೇಪೆಯ ಹದಿನಾಲ್ಕು ವರ್ಷ: ಪ್ರಿಂಟ್ ಸ್ಪೂಲರ್ ಸಿಂಹಾವಲೋಕನ

ವಿಂಡೋಸ್ ಕಂಪ್ಯೂಟರಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಸೇವೆಗಳಲ್ಲಿ ಪ್ರಿಂಟ್ ಸ್ಪೂಲರ್ ಒಂದು. ನಾವು ‘ಪ್ರಿಂಟ್’ ಒತ್ತಿದ ಮೇಲೆ ಕಾಗದ ಹೊರಬರುವ ತನಕ ನಡೆಯುವುದೆಲ್ಲ ಅದರ ಕೆಲಸ. ಕಡತಗಳನ್ನು ಸರದಿಯಲ್ಲಿ ನಿಲ್ಲಿಸಬೇಕು, ಪ್ರಿಂಟರಿಗೆ ತಕ್ಕ ಡ್ರೈವರ್ ಹುಡುಕಿ ಜೋಡಿಸಬೇಕು, ಒಂದೊಂದಾಗಿ ಆಚೆ ಕಳಿಸಬೇಕು. ಕೆಲಸ ಗುಮಾಸ್ತನದು, ಕೈಯಲ್ಲಿರುವ ಮೊಹರು ಮಾತ್ರ ದೊಡ್ಡ ಸಾಹೇಬರದು. ಸ್ಪೂಲರ್ ನಡೆಯುವುದು ‘ಸಿಸ್ಟಮ್’ ಎಂಬ ಖಾತೆಯ ಹೆಸರಿನಲ್ಲಿ. ಆ ಖಾತೆ ಆ ಕಂಪ್ಯೂಟರಿನಲ್ಲಿ ಯಾವ ಕಡತವನ್ನಾದರೂ ಬರೆಯಬಲ್ಲದು, ಯಾವ ಪ್ರೋಗ್ರಾಮನ್ನಾದರೂ ನಡೆಸಬಲ್ಲದು. ಹೀಗಾಗಿ ಸಾಮಾನ್ಯ ಲಾಗಿನ್ ಇರುವವನೊಬ್ಬ ಸ್ಪೂಲರನ್ನು ಹೇಗಾದರೂ ಪುಸಲಾಯಿಸಿ ತನ್ನ ಕೆಲಸ ಮಾಡಿಸಿಕೊಂಡರೆ ಇಡೀ ಯಂತ್ರ ಅವನದಾಗುತ್ತದೆ. ಭದ್ರತೆಯ ಭಾಷೆಯಲ್ಲಿ ಇದೇ ಪ್ರಿವಿಲೇಜ್ ಎಸ್ಕಲೇಶನ್. 2010ರಿಂದ ಈಚೆಗೆ ಈ ಒಂದೇ ಸೇವೆ ಅದಕ್ಕೆ ಎಷ್ಟು ಸಲ ದಾರಿ ಮಾಡಿಕೊಟ್ಟಿದೆ ಎಂದು ತಿರುಗಿ ನೋಡಿದರೆ, ಒಂದೊಂದು ದೋಷಕ್ಕಿಂತ ಅವುಗಳ ಹಿಂದಿನ ಹಟವೇ ಹೆಚ್ಚು ಕಾಣುತ್ತದೆ.

2010ರ ಜೂನ್‌ನಲ್ಲಿ ಬೆಲಾರುಸ್‌ನ ಒಂದು ಆ್ಯಂಟಿವೈರಸ್ ಕಂಪನಿ ಸ್ಟಕ್ಸ್‌ನೆಟ್ ಹುಳುವನ್ನು ಗುರುತಿಸಿತು. ಇರಾನಿನ ನತಾಂಜ್ ಅಣು ಸ್ಥಾವರದ ಸೆಂಟ್ರಿಫ್ಯೂಜ್‌ಗಳಿಗೆ ಗುರಿಯಿಟ್ಟಿದ್ದ ಆ ಹುಳು ಬಳಸಿಕೊಂಡ ನಾಲ್ಕು ಅಜ್ಞಾತ ದೋಷಗಳಲ್ಲಿ ಒಂದು ಸ್ಪೂಲರಿನದು. ಪ್ರಿಂಟರ್ ಹಂಚಿಕೊಂಡ ಯಂತ್ರಕ್ಕೆ ಅತಿಥಿಯ ಹೆಸರಿನಲ್ಲಿ ‘ಇದನ್ನು ಪ್ರಿಂಟ್ ಮಾಡು’ ಎಂದು ಕೋರಿಕೆ ಕಳಿಸುವುದು, ಪ್ರಿಂಟ್ ಹೋಗಬೇಕಾದ ಜಾಗ ಎಂದು ವಿಂಡೋಸ್‌ನ ಸಿಸ್ಟಮ್ ಫೋಲ್ಡರನ್ನೇ ತೋರಿಸುವುದು, ಇಷ್ಟೇ ಉಪಾಯ. ಕೇಳಿದವನು ಅತಿಥಿ, ಬರೆದವನು ಸಿಸ್ಟಮ್. ‘ಅಜ್ಞಾತ’ ಎಂದೆವು, ಆ ಮಾತೂ ಪೂರ್ತಿ ನಿಜವಲ್ಲ. ಪೋಲೆಂಡಿನ ‘ಹಾಕಿನ್9’ ಪತ್ರಿಕೆ 2009ರಲ್ಲೇ ಈ ದೋಷವನ್ನು ವಿವರಿಸಿತ್ತು. ಮೈಕ್ರೋಸಾಫ್ಟ್ ತೇಪೆ ಹಾಕಿದ್ದು 2010ರ ಸೆಪ್ಟೆಂಬರ್‌ನಲ್ಲಿ.

ಅಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ಹತ್ತು ವರ್ಷಗಳ ಬಳಿಕ, 2020ರ ಮೇ ತಿಂಗಳಲ್ಲಿ, ಅದೇ ಸೇವೆ, ಅದೇ ಬಗೆಯ ತಪ್ಪು ಮತ್ತೆ ಬೆಳಕಿಗೆ ಬಂತು. ಭದ್ರತಾ ಸಂಶೋಧಕರಾದ ಅಲೆಕ್ಸ್ ಇಯೊನೆಸ್ಕು ಮತ್ತು ಯಾರ್ಡೆನ್ ಶಫೀರ್ ಅದನ್ನು ‘ಪ್ರಿಂಟ್‌ಡೀಮನ್’ ಎಂದು ಕರೆದರು. ಪ್ರಿಂಟರ್ ಪೋರ್ಟಿಗೆ ಹೆಸರಿಡುವಾಗ ಯಾವುದಾದರೂ ಕಡತದ ವಿಳಾಸ ಕೊಡಬಹುದಿತ್ತು. ಆ ವಿಳಾಸದಲ್ಲಿ ಬರೆಯುವ ಹಕ್ಕು ಕೊಟ್ಟವನಿಗೆ ಇದೆಯೇ ಎಂದು ಪರದೆಯ ಮೇಲಿನ ಕಿಟಕಿ ಕೇಳುತ್ತಿತ್ತು, ಪವರ್‌ಶೆಲ್‌ನ ಒಂದು ಸಾಲಿನ ಆಜ್ಞೆಯನ್ನು ಯಾರೂ ಕೇಳುತ್ತಿರಲಿಲ್ಲ. ಎಂದಿನಂತೆ ಸ್ಪೂಲರ್ ತನ್ನ ಅಧಿಕಾರ ಬದಿಗಿಟ್ಟು ಕೇಳಿದವನ ಗುರುತಿನಲ್ಲೇ ಬರೆಯುತ್ತದೆ. ಆದರೆ ನಡುವೆ ಸೇವೆ ನಿಂತು ಮತ್ತೆ ಶುರುವಾದರೆ? ಬಾಕಿ ಉಳಿದ ಕೆಲಸವೇನೋ ಡಿಸ್ಕಿನಲ್ಲಿರುತ್ತಿತ್ತು, ಕೇಳಿದವನ ಗುರುತು ಮಾತ್ರ ಅಳಿಸಿಹೋಗಿರುತ್ತಿತ್ತು. ಆಗ ಸ್ಪೂಲರ್ ತನ್ನ ಹೆಸರಿನಲ್ಲೇ ಬರೆದು ಮುಗಿಸುತ್ತಿತ್ತು. ಇದಕ್ಕೆ ಬಂದ ತೇಪೆಯನ್ನೂ ಸೇಫ್‌ಬ್ರೀಚ್ ಸಂಸ್ಥೆಯ ಪೆಲೆಗ್ ಹದಾರ್ ಮತ್ತು ತೋಮರ್ ಬಾರ್ ದಾಟಿ ತೋರಿಸಿದರು. ತಪಾಸಣೆ ಮುಗಿಯುವ ತನಕ ಸಭ್ಯವಾಗಿದ್ದ ಫೋಲ್ಡರನ್ನು ಆಮೇಲೆ ಬೇರೆಡೆಗೆ ತಿರುಗಿಸಿದರೆ ಸಾಕಿತ್ತು. ಆಗಸ್ಟ್‌ನಲ್ಲಿ ಎರಡನೆಯ ತೇಪೆ ಬಂತು.

ನಿಜವಾದ ಬಿಸಿ ತಟ್ಟಿದ್ದು 2021ರಲ್ಲಿ. ಜೂನ್ 8ರಂದು ಸ್ಪೂಲರಿನ ಒಂದು ದೋಷಕ್ಕೆ ತಿದ್ದುಪಡಿ ಬಂದಾಗ ಅದನ್ನು ಮಾಮೂಲಿ ಎಂದು ವರ್ಗೀಕರಿಸಲಾಗಿತ್ತು. ಎರಡು ವಾರ ಕಳೆದ ಮೇಲೆ, ದೂರದಿಂದಲೂ ದಾಳಿ ಸಾಧ್ಯ ಎಂದು ಮೈಕ್ರೋಸಾಫ್ಟ್ ವರ್ಗ ಬದಲಿಸಿತು. ತಾವು ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನಕ್ಕೆ ಇಟ್ಟುಕೊಂಡಿದ್ದ ದೋಷ ಇದೇ ಇರಬೇಕು, ಹೇಗೂ ತಿದ್ದಿಯಾಗಿದೆ ಎಂದುಕೊಂಡ ಚೀನಾದ ಸಾಂಗ್‌ಫರ್ ಸಂಸ್ಥೆಯ ಸಂಶೋಧಕರು ಜೂನ್ ಕೊನೆಯಲ್ಲಿ ದಾಳಿಯ ಮಾದರಿ ಕೋಡನ್ನು ಪ್ರಕಟಿಸಿದರು. ಅದು ಇನ್ನೂ ತಿದ್ದದ ದೋಷವಾಗಿತ್ತು. ಕೆಲವೇ ಗಂಟೆಗಳಲ್ಲಿ ಹಿಂತೆಗೆದರೂ ಅಷ್ಟರಲ್ಲಿ ನಕಲುಗಳು ಹಬ್ಬಿದ್ದವು. ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ನಿಂತಿತು.

ಈ ದೋಷದ ಒಳಮರ್ಮ ನೋಡುವಂಥದು. ದೂರದಿಂದ ಪ್ರಿಂಟರ್ ಡ್ರೈವರ್ ಅಳವಡಿಸಲು ಸ್ಪೂಲರಿನಲ್ಲಿ ಒಂದು ಕರೆ ಇದೆ. ಕರೆದವನಿಗೆ ಡ್ರೈವರ್ ಹಾಕುವ ಹಕ್ಕಿದೆಯೇ ಎಂಬ ತಪಾಸಣೆಯೂ ಇತ್ತು. ಆದರೆ ಆ ತಪಾಸಣೆ ನಡೆಯಬೇಕೋ ಬೇಡವೋ ಎಂಬುದು ಕರೆದವನೇ ಕಳಿಸುವ ಸೂಚನೆಗಳಲ್ಲಿನ ಒಂದು ಬಿಟ್‌ಗೆ ಕಟ್ಟುಬಿದ್ದಿತ್ತು! ಡೊಮೈನಿನ, ಅಂದರೆ ಸಂಸ್ಥೆಯ ಜಾಲದ, ಯಾವುದೇ ಸಾಮಾನ್ಯ ಬಳಕೆದಾರ ಆ ಬಿಟ್ ಬದಲಿಸಿ ತನ್ನ ಡಿಎಲ್‌ಎಲ್ ಕಡತವನ್ನು ‘ಡ್ರೈವರ್’ ಎಂದು ಕೊಟ್ಟರೆ ಸ್ಪೂಲರ್ ಅದನ್ನು ಸಿಸ್ಟಮ್ ಅಧಿಕಾರದಲ್ಲಿ ನಡೆಸುತ್ತಿತ್ತು. ಎಲ್ಲ ಲಾಗಿನ್‌ಗಳ ತಾಯಿಬೇರಾದ ಡೊಮೈನ್ ಕಂಟ್ರೋಲರ್‌ಗಳಲ್ಲೂ ಈ ಸೇವೆ ತಾನಾಗಿಯೇ ನಡೆಯುತ್ತಿತ್ತು. ಅಲ್ಲಿ ಕೂತು ಯಾರೂ ಪ್ರಿಂಟ್ ತೆಗೆಯುವುದಿಲ್ಲ. ಡೈರೆಕ್ಟರಿಯಿಂದ ಹಳೆಯ ಪ್ರಿಂಟರ್‌ಗಳ ಹೆಸರು ಕಳೆಯುವ ಚಿಲ್ಲರೆ ಕೆಲಸಕ್ಕೆ ಅದು ಬೇಕಿತ್ತು, ಅಷ್ಟೆ.

ಜುಲೈ 6ರಂದು ಮೈಕ್ರೋಸಾಫ್ಟ್ ತಿಂಗಳ ವಾಡಿಕೆ ಮುರಿದು ತುರ್ತು ತೇಪೆ ಬಿಡುಗಡೆ ಮಾಡಿತು, ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಕೊಟ್ಟಿತು. ಕೆಲವು ಸೆಟ್ಟಿಂಗ್‌ಗಳಿದ್ದಲ್ಲಿ ಅದು ನಿಲ್ಲದೆಂದು ಭದ್ರತಾ ಸಂಶೋಧಕ ಬೆಂಜಮಿನ್ ಡೆಲ್ಪಿ ಕೂಡಲೇ ತೋರಿಸಿದರು. ಜುಲೈ 13ರಂದು ಅಮೆರಿಕದ ಸೈಬರ್ ಸಂಸ್ಥೆ ಸಿಸಾ, ಡೊಮೈನ್ ಕಂಟ್ರೋಲರ್‌ಗಳಲ್ಲಿ ಸ್ಪೂಲರನ್ನೇ ನಿಲ್ಲಿಸಿ ಎಂದು ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ಆದೇಶಿಸಿತು. ಆಗಸ್ಟ್‌ನಲ್ಲಿ, ಇನ್ನು ಮೇಲೆ ಅಡ್ಮಿನ್ ಮಾತ್ರ ಡ್ರೈವರ್ ಹಾಕಬಹುದು ಎಂಬ ನಿಯಮ ಬಂತು. ಸೆಪ್ಟೆಂಬರ್‌ನ ಬಿಗಿಯಾದ ಅಪ್‌ಡೇಟ್ ಬಂದದ್ದೇ ತಡ, ಹಂಚಿಕೊಂಡ ಪ್ರಿಂಟರ್‌ಗಳು ‘11ಬಿ’ ಎಂದು ಕೊನೆಯಾಗುವ ಎರರ್ ತೋರಿಸಿ ಮೊಂಡು ಹಿಡಿದವು. ಒಂದೇ ಪ್ರಿಂಟರನ್ನು ಹಲವರು ಹಂಚಿಕೊಂಡ ಆಫೀಸುಗಳಲ್ಲಿ ಅಪ್‌ಡೇಟನ್ನೇ ಕಿತ್ತುಹಾಕಿ ಕೆಲಸ ಮುಂದುವರಿಸಿದವರು ಕಡಿಮೆಯಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಮಧ್ಯಾಹ್ನದೊಳಗೆ ಬಿಲ್ ಹೊರಬೀಳಬೇಕಾದ ಕಡೆ ಸುರಕ್ಷತೆಯ ಪಾಠ ಯಾರ ಕಿವಿಗೂ ಹೋಗುವುದಿಲ್ಲ.

ತಪ್ಪು ಎಲ್ಲಿದೆ? ಪ್ರತಿ ಸಲವೂ ಕೇಳಲಾದ ಪ್ರಶ್ನೆ ‘ಈ ಕೋರಿಕೆಯನ್ನು ಹೇಗೆ ತಡೆಯುವುದು’ ಎಂಬುದು. ‘ಈ ಸೇವೆಗೆ ಇಷ್ಟು ಅಧಿಕಾರ ಏಕೆ’ ಎಂದು ಕೇಳಿದವರು ಕಡಿಮೆ. ಯಾವ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡಬೇಕೆಂದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ ಬರೆದದ್ದು 1975ರಲ್ಲಿ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 2002ರಲ್ಲೇ ತನ್ನನ್ನು ಎರಡಾಗಿ ಒಡೆದುಕೊಂಡು, ಹೊರಗಿನವರ ಮಾತು ಕೇಳಿಸಿಕೊಳ್ಳುವ ಭಾಗದಿಂದ ಅಧಿಕಾರ ಕಿತ್ತುಕೊಂಡಿತ್ತು. ಮೈಕ್ರೋಸಾಫ್ಟ್ ಕೂಡ ವಿಂಡೋಸ್ ವಿಸ್ಟಾ ಕಾಲದಲ್ಲಿ ಅನೇಕ ಸೇವೆಗಳ ಹಕ್ಕು ಮೊಟಕುಗೊಳಿಸಿತು, ಸ್ಪೂಲರ್ ಮಾತ್ರ ಸಿಸ್ಟಮ್ ಆಗಿಯೇ ಉಳಿಯಿತು. ಕಾರಣ ಹಳೆಯ ಹಂಗು. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳು ಸ್ಪೂಲರಿನ ಒಳಗೇ ಬಂದು ಕೂರುತ್ತವೆ. ಹೊಸ ಪ್ರಿಂಟರನ್ನು ಕ್ಲಿಕ್ ಮಾಡಿದರೆ ಡ್ರೈವರ್ ಸರ್ವರಿನಿಂದ ತಾನೇ ಇಳಿಯಬೇಕೆಂಬ ಅನುಕೂಲ ಗ್ರಾಹಕರಿಗೆ ರೂಢಿಯಾಗಿಬಿಟ್ಟಿತ್ತು. ಕಂಪನಿಯ ಸೋಮಾರಿತನ ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಆ ಅನುಕೂಲವನ್ನು ಬಿಟ್ಟುಕೊಡಲು ಬಳಕೆದಾರರಾದ ನಾವೂ ತಯಾರಿರಲಿಲ್ಲ.

ಆ ಅನುಕೂಲಕ್ಕೆ ತೆತ್ತ ಬೆಲೆ ಏನೆಂಬುದಕ್ಕೆ 2024ರ ಏಪ್ರಿಲ್‌ನಲ್ಲಿ ಇನ್ನೊಂದು ಪುರಾವೆ ಸಿಕ್ಕಿತು. ರಷ್ಯಾದ ಸೇನಾ ಗುಪ್ತಚರಕ್ಕೆ ಸೇರಿದ ಗುಂಪೊಂದು ‘ಗೂಸ್‌ಎಗ್’ ಎಂಬ ಸಾಧನದಿಂದ ಸ್ಪೂಲರಿನ ಮತ್ತೊಂದು ದೋಷವನ್ನು 2020ರ ಜೂನ್‌ನಿಂದಲಾದರೂ ಬಳಸುತ್ತಿತ್ತೆಂದು ಮೈಕ್ರೋಸಾಫ್ಟ್ ತಿಳಿಸಿತು. ಆ ದೋಷಕ್ಕೆ ತೇಪೆ ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ. ಲೋಕವೆಲ್ಲ ಪ್ರಿಂಟ್‌ನೈಟ್‌ಮೇರ್ ಮುಚ್ಚುವುದರಲ್ಲಿ ಮುಳುಗಿದ್ದಾಗ ಇವರು ಪಕ್ಕದ ದಾರಿಯಲ್ಲಿ ಓಡಾಡಿಕೊಂಡಿದ್ದರು.

2024ರಲ್ಲೇ ಲಿನಕ್ಸ್ ಕಡೆಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೆಪ್ಟೆಂಬರ್‌ನಲ್ಲಿ ಇಟಲಿಯ ಸಂಶೋಧಕ ಸಿಮೋನೆ ಮಾರ್ಗರಿತೆಲ್ಲಿ ಅಲ್ಲಿನ ಪ್ರಿಂಟ್ ವ್ಯವಸ್ಥೆ ಕಪ್ಸ್‌ನಲ್ಲಿ ದೋಷಗಳ ಸರಪಳಿಯನ್ನೇ ಬಯಲಿಗೆಳೆದರು. ಪ್ರಕಟಣೆಗೆ ಮುಂಚೆಯೇ ಹತ್ತಕ್ಕೆ 9.9 ತೀವ್ರತೆ ಎಂಬ ಗುಲ್ಲು ಎದ್ದಿತ್ತು, ಅದು ಅತಿಯಾಯಿತು ಎಂದೇ ನಮ್ಮ ಅನಿಸಿಕೆ. ದೋಷ ಸಣ್ಣದೇನಲ್ಲ, ನಕಲಿ ಪ್ರಿಂಟರ್ ತೋರಿಸಿ ಆಜ್ಞೆ ನಡೆಸಬಹುದಿತ್ತು. ಆದರೆ ಆ ಆಜ್ಞೆ ನಡೆಯುತ್ತಿದ್ದದ್ದು ‘ಎಲ್‌ಪಿ’ ಎಂಬ ಬಡಪಾಯಿ ಖಾತೆಯಲ್ಲಿ, ಸರ್ವಾಧಿಕಾರದ ರೂಟ್ ಖಾತೆಯಲ್ಲಿ ಅಲ್ಲ. ಕೋಡ್ ಬರೆದವರು ಎಡವಿದರೂ ಅಧಿಕಾರ ಹಂಚಿದವರು ಎಡವಿರಲಿಲ್ಲ.

ವಿಂಡೋಸ್‌ನಲ್ಲಿ ಕೊನೆಗೂ ಆ ದಿಕ್ಕಿಗೆ ಹೆಜ್ಜೆಯಿಟ್ಟದ್ದು 2023ರ ಡಿಸೆಂಬರ್‌ನಲ್ಲಿ. ಹಿಂದಿನ ಮೂರು ವರ್ಷಗಳಲ್ಲಿ ತನಗೆ ವರದಿಯಾದ ವಿಂಡೋಸ್ ದೋಷಗಳಲ್ಲಿ ಶೇ. 9ರಷ್ಟು ಪ್ರಿಂಟ್ ವ್ಯವಸ್ಥೆಯವೇ ಎಂದು ಒಪ್ಪಿಕೊಂಡ ಮೈಕ್ರೋಸಾಫ್ಟ್, ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್’ ಎಂಬ ಹೊಸ ವಿಧಾನ ಪ್ರಕಟಿಸಿತು. ಇದರಲ್ಲಿ ಹೊರಗಿನ ಡ್ರೈವರ್‌ಗಳಿಗೆ ಪ್ರವೇಶವಿಲ್ಲ, ಎಲ್ಲ ಪ್ರಿಂಟರ್‌ಗಳೂ ಐಪಿಪಿ ಎಂಬ ಒಂದೇ ಶಿಷ್ಟ ಭಾಷೆಯಲ್ಲಿ ಮಾತಾಡಬೇಕು. ಮಾಮೂಲಿ ಪ್ರಿಂಟ್ ಕೆಲಸ ಮಾಡುವ ಪ್ರಕ್ರಿಯೆಯಿಂದ ಸಿಸ್ಟಮ್ ಮಟ್ಟದ ಹಕ್ಕುಗಳನ್ನು ಕಿತ್ತುಕೊಳ್ಳಲಾಗಿದೆ. ಹಳೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದರಡಿ ನಡೆಯುತ್ತಿರಲಿಲ್ಲ ಎಂಬುದು ಕಂಪನಿಯ ಲೆಕ್ಕ. ಒಂದೊಂದೇ ತೇಪೆ ಹಾಕಿದ ವರ್ಷಗಳಲ್ಲಿ ಇಂಥ ಮಾತು ಕೇಳಿರಲಿಲ್ಲ.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಈ ವಿಧಾನ ಇದ್ದರೂ ತಾನಾಗಿ ಆನ್ ಆಗಿರಲಿಲ್ಲ. ಪ್ರಿಂಟರ್ ಕಂಪನಿಗಳ ಒಕ್ಕೂಟವಾದ ಮೋಪ್ರಿಯಾದ ಪ್ರಮಾಣಪತ್ರವಿಲ್ಲದ ಹಳೆಯ ಪ್ರಿಂಟರ್‌ಗಳು ಇದರಲ್ಲಿ ನಡೆಯುವುದಿಲ್ಲ, ಅಂಥವು ಇರುವ ಆಫೀಸುಗಳು ಹೊಸದು ಕೊಳ್ಳುವ ತನಕ ಹಳೆಯ ಸ್ಪೂಲರ್ ಜೊತೆಗೇ ಬಾಳಬೇಕು. ಅಂಥವರು ಕಾಸು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸಗಳಿವೆ. ಡೊಮೈನ್ ಕಂಟ್ರೋಲರ್ ಹಾಗೂ ಪ್ರಿಂಟ್ ತೆಗೆಯದ ಸರ್ವರ್‌ಗಳಲ್ಲಿ ಸ್ಪೂಲರ್ ನಿಲ್ಲಿಸಿ, ಅದು ಮತ್ತೆ ಶುರುವಾಗದಂತೆ ‘ಡಿಸೇಬಲ್ಡ್’ ಮಾಡುವುದು. ಪ್ರಿಂಟ್ ತೆಗೆಯುವ ಮೇಜಿನ ಕಂಪ್ಯೂಟರ್‌ಗಳಲ್ಲಿ, ಹೊರಗಿನ ಸಂಪರ್ಕ ಸ್ವೀಕರಿಸಬೇಡ ಎಂದು ಗ್ರೂಪ್ ಪಾಲಿಸಿಯಲ್ಲಿ ಹೇಳುವುದು, ಇದರಿಂದ ಆ ಯಂತ್ರದಿಂದ ಪ್ರಿಂಟ್ ತೆಗೆಯಲು ಅಡ್ಡಿಯಿಲ್ಲ. 2021ರಲ್ಲಿ ‘11ಬಿ’ ಕಾಟ ತಪ್ಪಿಸಿಕೊಳ್ಳಲು ರಿಜಿಸ್ಟ್ರಿಯಲ್ಲಿ ಸಡಿಲಿಸಿದ ಸೆಟ್ಟಿಂಗ್ ಇನ್ನೂ ಹಾಗೆಯೇ ಇದ್ದರೆ ಅದನ್ನು ಮೊದಲು ಹುಡುಕಿ ತೆಗೆಯಬೇಕು.